ಭೂತಗನ್ನಡಿಯವರು ರೂಟರ್ ಸ್ವಚ್ಛ ಮಾಡಿದ್ದು

ಲೋಕದಲ್ಲಿ ಕೊಳೆ ಕಂಡುಹಿಡಿಯುವುದಕ್ಕೆಂದೇ ಹುಟ್ಟಿದವರು ಕೆಲವರಿರುತ್ತಾರೆ. ನಮ್ಮ ಈ ಗಡಿಯಾರ ರಿಪೇರಿಯವರು ಅಂಥವರಲ್ಲಿ ಒಬ್ಬರು. ಎದ್ದು ನಿಂತರೆ ತಲೆ ತಾಗುವ, ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ನಲವತ್ತು ವರ್ಷ ಕೂತು, ಎಡಗಣ್ಣಿಗೆ ಲೆನ್ಸು ಸಿಕ್ಕಿಸಿಕೊಂಡು, ಊರಿನವರ ಗಡಿಯಾರಗಳ ಹೊಟ್ಟೆ ಬಗೆದು ನೋಡಿದ್ದರು. ಜನ ಎದುರಿಗೆ ‘ಯಜಮಾನರೇ’ ಎನ್ನುತ್ತಿದ್ದರು, ಬೆನ್ನು ತಿರುಗಿದರೆ ‘ಭೂತಗನ್ನಡಿ’ ಎನ್ನುತ್ತಿದ್ದರು. ಎರಡನೆಯದೂ ಅವರ ಕಿವಿಗೆ ಬಿದ್ದಿತ್ತು. ಅದನ್ನೂ ಅವರು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡಿದ್ದರು.

ಗಿರಾಕಿಗಳೆಂದರೆ ಅವರಿಗೆ ಕಾಲ ಕಸ. ಯಾರಾದರೂ ನಿಂತುಹೋದ ಕೈಗಡಿಯಾರ ತಂದರೆ, ಅದನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, “ಸ್ನಾನ ಗೀನ ಮಾಡ್ತೀರೇನ್ರೀ?” ಎಂದು ಕೇಳುತ್ತಿದ್ದರು. ಅಷ್ಟಾದರೂ ಜನ ಬರುತ್ತಿದ್ದರು, ಯಾಕೆಂದರೆ ಅವರಿಗೆ ಕೆಲಸ ನಿಜವಾಗಿ ಬರುತ್ತಿತ್ತು. ಅದೇ ದೊಡ್ಡ ತೊಂದರೆಯಾಯಿತು. ಕೆಲಸ ಬಾರದವರಾಗಿದ್ದರೆ ಯಾರಾದರೂ ಎಂದೋ ಅವರ ನೀರಿಳಿಸಿರುತ್ತಿದ್ದರು.

ಕಣ್ಣು ಮಂಜಾಗಿ ಅಂಗಡಿ ಮುಚ್ಚಿದ ಮೇಲೆ ಮಗಳ ಮನೆ ಸೇರಿದರು. ಆ ಮನೆಯಲ್ಲಿ ಇದ್ದವರು ಅಪ್ಪ ಮಗಳು ಇಬ್ಬರೇ. ಭಾನುವಾರ ಮಧ್ಯಾಹ್ನ ಮಗಳು ಮಲಗಿದರೆ, ಇವರ ಮರದ ಹಿಡಿಯ ಸೂಜಿ ಹೊರಗೆ ಬರುತ್ತಿತ್ತು. ಬಾಚಣಿಗೆಯ ಹಲ್ಲು, ನಲ್ಲಿಯ ಬಾಯಿ, ಸ್ವಿಚ್ಚಿನ ಸಂದು, ಕೊನೆಗೆ ಗೋಡೆಯ ಮೇಲಿನ ರೂಟರ್. ಅದರ ಬೆನ್ನಲ್ಲಿ ಸಾಸಿವೆ ಕಾಳಿನಷ್ಟು ಒಂದು ತೂತು. ಸೂಜಿ ಇಟ್ಟರೆ ಒಳಗೆ ಏನೋ ಮೆತ್ತಗೆ ತಡೆಯುತ್ತಿತ್ತು. ಹಳೇ ಜಿಡ್ಡು ಎಂದುಕೊಂಡು, ಉಸಿರು ಬಿಗಿಹಿಡಿದು, ಒತ್ತಿಯೇ ಇರುತ್ತಿದ್ದರು. ಮಾಡಿದ್ದು ಒಪ್ಪವಾಯಿತು ಎನ್ನಿಸಿದ ಮೇಲೆ ಕಾಫಿ ಕುಡಿಯುತ್ತಿದ್ದರು.

ಸೋಮವಾರ ಬೆಳಗ್ಗೆ ಮನೆಯಲ್ಲಿ ಇಂಟರ್‌ನೆಟ್ ಇರುತ್ತಿರಲಿಲ್ಲ.

ಮಗಳು ಡಾಕ್ಟರುಗಳು ಬಾಯಲ್ಲಿ ಹೇಳಿ ಧ್ವನಿಮುದ್ರಿಸಿದ ರೋಗಿಗಳ ವರದಿಗಳನ್ನು ಮನೆಯಲ್ಲೇ ಕೂತು ಟೈಪ್ ಮಾಡುವವಳು. ಶನಿವಾರ ಮುಗಿಸಿದ್ದೆಲ್ಲ ಸೋಮವಾರ ಹತ್ತು ಗಂಟೆಯೊಳಗೆ ಆಸ್ಪತ್ರೆಗೆ ತಲುಪಬೇಕು. ಆಸ್ಪತ್ರೆಯವರು ಮನೆಯ ಲೈನಿನಿಂದ ಬಂದದ್ದನ್ನು ಬಿಟ್ಟು ಬೇರೇನನ್ನೂ ಒಳಗೆ ಬಿಡುತ್ತಿರಲಿಲ್ಲ, ಹಾಗಾಗಿ ಮೊಬೈಲ್ ನೆಟ್ಟೂ ನಡೆಯದು. ಸತತ ಮೂರು ಸೋಮವಾರ ವರದಿ ತಡವಾಗಿತ್ತು. ಶುಕ್ರವಾರ ಅವಳ ಮೇಲಿನ ಮೇಡಮ್ ಫೋನು ಮಾಡಿ, ಇನ್ನೊಂದು ಸೋಮವಾರ ತಪ್ಪಿದರೆ ಕೆಲಸ ಬೇರೆಯವರಿಗೆ ಎಂದು ಖಡಾಖಂಡಿತವಾಗಿ ಹೇಳಿದ್ದರು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ.

ಭೂತಗನ್ನಡಿಯವರಿಗೆ ಇದೆಲ್ಲ ಇಂಟರ್‌ನೆಟ್ ಕಂಪನಿಯವರ ಕೈಗುಣ. ಮೂರು ಸೋಮವಾರಗಳಲ್ಲಿ ಮೂವರು ಬಂದು, ಏನೋ ಕುಟ್ಟಿ, ದೀಪ ಹತ್ತಿಸಿ ಹೋಗಿದ್ದರು. ಒಬ್ಬ, “ಸೆಟ್ಟಿಂಗ್ ಹೋಗಿದೆ ಸಾರ್” ಎಂದಿದ್ದ.

“ಎಲ್ಲಿಗೆ ಹೋಯ್ತು? ಅದಕ್ಕೇನು ಕಾಲಿದೆಯಾ? ಯಾಕೆ ಕೆಟ್ಟಿತು ಅಂತ ಗೊತ್ತಿಲ್ದೆ ಸರಿ ಮಾಡೋದಕ್ಕೆ ರಿಪೇರಿ ಅಂತಾರೇನಯ್ಯಾ?” ಎಂದು ಇವರು ಗದರಿದ್ದರು. ಆ ಮಾತು ನೂರಕ್ಕೆ ನೂರು ಸರಿ. ಹೇಳಿದ ಬಾಯಿ ಮಾತ್ರ ಬೇರೆಯಾಗಬೇಕಿತ್ತು.

ನಾಲ್ಕನೆಯ ಸೋಮವಾರ ಒಂಬತ್ತೂವರೆಗೆ ಕಂಪನಿಯಿಂದ ಬಂದವಳು ಒಬ್ಬ ಹೆಂಗಸು. ಹೆಗಲಿಗೆ ಚೀಲ, ಕಿವಿಯ ಹಿಂದೆ ಪೆನ್ನು. ಇವರು ಮೂಗು ಮುರಿದರು. “ಗಂಡಸರೆಲ್ಲ ಮುಗಿದು ಈಗ ಇವರ ಪಾಳಿ” ಎಂದು ಅವಳಿಗೆ ಕೇಳಿಸುವ ಹಾಗೇ ಗೊಣಗಿದರು. ಅವಳು ಕೇಳಿಸಿಕೊಂಡೇ ಚೀಲ ಕೆಳಗಿಟ್ಟಳು. ರೂಟರ್ ಕೆಳಗಿಳಿಸಿ, ತನ್ನ ಲ್ಯಾಪ್‌ಟಾಪ್ ಜೋಡಿಸಿ, ಹತ್ತು ನಿಮಿಷದಲ್ಲಿ ನೆಟ್ಟು ಬರಿಸಿದಳು. ಮಗಳು ಕೋಣೆಗೆ ಓಡಿ ವರದಿ ಕಳಿಸಲು ಕೂತಳು.

“ಸೋಮವಾರವೇ ಹೋಗುತ್ತಲ್ಲ ಸಾರ್, ಭಾನುವಾರ ಇದನ್ನ ಯಾರಾದ್ರೂ ಮುಟ್ತಾರಾ?” ಹೆಂಗಸು ಕೇಬಲ್ ಸುತ್ತುತ್ತ ಕೇಳಿದಳು. “ಇಷ್ಟು ಕ್ಲೀನಾಗಿರೋ ರೂಟರ್ ನಾನು ಎಲ್ಲೂ ನೋಡಿಲ್ಲ.”

ಅಷ್ಟು ಸಾಕಾಯಿತು. ಹೊಗಳಿಕೆಗೆ ಬಾಯಿ ಬಿಟ್ಟುಕೊಂಡು ಕೂತಿದ್ದ ಮುದುಕ ಅರಳಿಹೋದರು. “ನಿಮ್ಮೋರಿಗೆ ಯಾರಿಗೂ ಗೊತ್ತಿಲ್ಲದ ಕೆಲಸ ಇದು. ಒಳಗಿನ ಜಿಡ್ಡು ತೆಗೀಬೇಕಮ್ಮ. ಇಲ್ಲಿ ನೋಡು!” ಎನ್ನುತ್ತ, ಲೆನ್ಸು ಕಣ್ಣಿಗೇರಿಸಿ, ಸೂಜಿಯನ್ನು ತೂತಿಗೆ ಇಳಿಸಿದರು.

ಅವಳು ಕೇಬಲ್ ಬಿಸಾಕಿ ಎದ್ದಳು. “ಅಯ್ಯೋ, ಬೇಡ ಸಾರ್! ಅದು ತೂತಲ್ಲ, ಬಟನ್ನು! ತೆಗೀರಿ ಸಾರ್!”

ಹೇಳಿದೊಡನೆ ತೆಗೆಯುವ ಜಾತಿಯಲ್ಲ ಇದು. “ನಲವತ್ತು ವರ್ಷ!” ಎಂದು ಎಡಗೈ ಅಡ್ಡ ಹಿಡಿದು ಅವಳನ್ನು ತಡೆದು, ಒತ್ತಿದ್ದನ್ನು ಒತ್ತಿಯೇ ಇದ್ದರು. ರೂಟರಿನ ದೀಪಗಳೆಲ್ಲ ಒಮ್ಮೆಲೇ ಆರಿದವು.

ಕೋಣೆಯಿಂದ ಮಗಳ ಕೂಗು ಬಂತು. “ಅಪ್ಪಾ! ಅರ್ಧಕ್ಕೇ ನಿಂತೋಯ್ತು!”

ಹೆಂಗಸು ತಲೆ ಚಚ್ಚಿಕೊಂಡಳು. “ಅದನ್ನ ಅಷ್ಟು ಹೊತ್ತು ಒತ್ತಿದ್ರೆ ನಾವು ಹಾಕಿದ್ದೆಲ್ಲ ಅಳಿಸಿಹೋಗುತ್ತೆ ಸಾರ್. ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತೆ. ನಾಲ್ಕು ವಾರದಿಂದ ಇದನ್ನ ಕೆಡಿಸ್ತಿರೋರು ನೀವೇ.” ಬಾಗಿಲಿಗೆ ಬಂದು ನಿಂತಿದ್ದ ಮಗಳು ಅದನ್ನೆಲ್ಲ ಕೇಳಿದಳು.

ಮನುಷ್ಯನಾದವನು ಇಲ್ಲಿ ತಪ್ಪಾಯಿತು ಎನ್ನಬೇಕು. ಭೂತಗನ್ನಡಿಯವರು ಲೆನ್ಸು ತೆಗೆದು ಒರೆಸಿ, “ಬಟನ್ ಅಂದ್ಮೇಲೆ ಬಟನ್ ಥರ ಇರ್ಬೇಕು. ಮಾಡಿದೋನ್ಗೆ ಬುದ್ಧಿ ಇಲ್ಲ” ಎಂದರು.

ಮಗಳು ಏನಾದರೂ ಹೇಳುವಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಹತ್ತಕ್ಕೆ ಐದು ನಿಮಿಷವಿತ್ತು. ಹೆಂಗಸು ಆಗಲೇ ಮತ್ತೆ ಲ್ಯಾಪ್‌ಟಾಪ್ ಬಿಚ್ಚಿದ್ದಳು. ಮಗಳು ಗೋಡೆಗೆ ಒರಗಿ, ಅಪ್ಪನನ್ನೇ ನೋಡುತ್ತ ಮಾತಾಡಿದಳು.

“ಇಲ್ಲ ಮೇಡಮ್, ಲೈನು ಸರಿಯಾಗಿದೆ. ಯಾಕೆ ಹೋಗ್ತಿತ್ತು ಅಂತ ಈಗ ಗೊತ್ತಾಯ್ತು... ಮನೇಲಿ ಒಂದು ಮಗು ಇದೆ ಮೇಡಮ್. ಅದು ಕೈಯಾಡಿಸ್ತಿತ್ತು.”

ಆ ಕಡೆಯವರು ಏನೋ ಕೇಳಿದರು.

“ಹೇಳಿದ್ರೆ ಅರ್ಥ ಆಗೋ ವಯಸ್ಸಲ್ಲ ಮೇಡಮ್. ಬೈದ್ರೂ ಪ್ರಯೋಜನ ಇಲ್ಲ... ಹ್ಞೂಂ, ಇನ್ಮೇಲೆ ಕೈಗೆ ಸಿಗದ ಹಾಗೆ ಇಡ್ತೀನಿ. ಅರ್ಧ ಗಂಟೆ ಕೊಡಿ, ಸಾಕು... ತುಂಬಾ ಥ್ಯಾಂಕ್ಸ್ ಮೇಡಮ್.”

ಲ್ಯಾಪ್‌ಟಾಪಿನ ಮೇಲೆ ಬಗ್ಗಿದ್ದ ಹೆಂಗಸಿನ ಭುಜ ಒಮ್ಮೆ ಕುಲುಕಿತು. ಮುದುಕರ ಕಿವಿ ಬಿಸಿಯಾಯಿತು. ಮಗಳು ಬೈಯಲೆಂದು ಕಾದರು. ಬೈಗುಳಕ್ಕೆ ಕೊಡುವ ಉತ್ತರ ಅವರ ಬಳಿ ನಲವತ್ತು ವರ್ಷದ್ದಿತ್ತು. ಅವಳು ಹತ್ತಿರ ಬಂದು ಸುಮ್ಮನೆ ಕೈ ಚಾಚಿದಳು. ಅವರು ಸೂಜಿ ಕೊಟ್ಟುಬಿಟ್ಟರು.

“ಅಪ್ಪಾ, ಜಾಣರ ಹಾಗೆ ಇಲ್ಲೇ ಕೂತಿರ್ತೀರಲ್ಲ?” ಎಂದಳು ಮಗಳು, ತುಂಬ ಮೆತ್ತಗೆ. “ಟೀವಿ ಹಾಕ್ಲಾ?”