ಮನೆಗೆ ಬರುವ ಕಪ್ಪು ಬೆಲ್ಲ

ಚಿಕ್ಕಪ್ಪನ ಆಲೆಮನೆಯಲ್ಲಿ ಪೇಟೆಗೆ ಹೋಗುವ ಬೆಲ್ಲ ಬೇರೆ, ಮನೆಗೆ ಬರುವ ಬೆಲ್ಲ ಬೇರೆ. ಪೇಟೆಯದಕ್ಕೆ ಬಣ್ಣ ಬರಲಿ ಎಂದು ಕುದಿಯುವ ಕೊಪ್ಪರಿಗೆಗೆ ಬಿಳಿ ಪುಡಿ ಹಾಕುತ್ತಾರೆ. ಮನೆಯದಕ್ಕೆ ಏನೂ ಇಲ್ಲ. ಅದು ಕಪ್ಪಗೆ, ಮೆತ್ತಗೆ ಇರುತ್ತದೆ. ಆ ಪುಡಿಯನ್ನು ಅಪ್ಪ ಕಣ್ಣಾರೆ ಕಂಡವರು. ಹಾಗಾಗಿ, ಸಕ್ಕರೆ ಕಾಯಿಲೆ ಬರುವುದು ಪುಡಿಯಿಂದ, ಕಪ್ಪು ಬೆಲ್ಲ ತಿಂದರೆ ಮಾತ್ರೆಯೇ ಬೇಡ ಎಂದು ಬಿಳಿ ಕೋಟಿನವರೊಬ್ಬರು ಫೋನಿನ ವಿಡಿಯೋದಲ್ಲಿ ಹೇಳಿದಾಗ, ಅಪ್ಪನಿಗೆ ಅದು ತಮಗೆ ಮೊದಲೇ ಗೊತ್ತಿದ್ದ ಮಾತಿನಂತೆ ಕೇಳಿಸಿತು. ತಾವು ನುಂಗುತ್ತಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿದರು. ಕಾಲಿನ ಹೆಬ್ಬೆರಳ ಗಾಯ ವಾರಗಟ್ಟಲೆ ಒಣಗದಿದ್ದಾಗಲೇ ನನಗೆ ತಿಳಿದದ್ದು.

ನಾನು ಓದಿದ್ದು ಆಹಾರ ಮತ್ತು ಪೋಷಣೆಯ ವಿಷಯ. ಮಳವಳ್ಳಿಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತೇನೆ. ಪುಡಿ ಒಳ್ಳೆಯದಲ್ಲ, ನಿಜ. ಆದರೆ ಬೆಲ್ಲ ಯಾವ ಬಣ್ಣದ್ದಾದರೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ ಎಂದು ವಿವರಿಸಿದೆ, ತರಗತಿಯಲ್ಲಿ ಹೇಳುವುದಕ್ಕಿಂತ ನಿಧಾನವಾಗಿ. ಅಪ್ಪ ಪೂರ್ತಿ ಕೇಳಿದರು.

"ನೀ ಪುಸ್ತಕದಲ್ಲಿರೋದ ಯೋಳ್ತೀಯ ಕಣವ್ವ. ಅವ್ರು ಅನುಬವದ ಮೇಲೆ ಯೋಳ್ತಾರೆ."

ಒಳಗಿನಿಂದ ಅಮ್ಮ, "ಇವಳನ್ನ ಓದ್ಸೋ ಬದ್ಲು ಆವತ್ತೇ ಒಂದು ಫೋನ್ ತಕಂಡಿದ್ರೆ ಆಗಿತ್ತು ಬುಡಿ" ಅಂದರು.

ಮಂಡ್ಯದ ಡಾಕ್ಟರ ಮುಂದೆ ಅಪ್ಪ ಮಾತ್ರೆ ತಪ್ಪದೆ ನುಂಗುತ್ತಿದ್ದೇನೆ ಎಂದರು. ಇಲ್ಲ ಎಂದು ನಾನು ಹೇಳಬೇಕಾಯಿತು. ಡಾಕ್ಟರು ಸಿಟ್ಟಾಗಲಿಲ್ಲ. ಯಾವ ವಿಡಿಯೋ ಎಂದಷ್ಟೇ ಕೇಳಿದರು, ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದರು, ಮುಂದಿನವರನ್ನು ಕರೆದರು. ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕೂತರು.

ಅನುಭವವೇ ಬೇಕಾದರೆ ಅದೂ ಆಗಲಿ ಎಂದು ಶುಗರ್ ನೋಡುವ ಮಿಷನ್ ತಂದೆ. ಬೆಲ್ಲ ತಿಂದ ಮೇಲೆ ಬೆರಳು ಚುಚ್ಚಿ ತೋರಿಸಿದೆ. ಅಂಕಿ ಬಹಳ ಮೇಲಿತ್ತು. ಅಪ್ಪ ಅದನ್ನು ನೋಡಿ, "ಮಿಸನ್ನೂ ಮಾತ್ರೆ ಮಾಡೋರ್ದೇ ತಾನೆ" ಅಂದರು. ಅದಕ್ಕೂ ಉತ್ತರವಿತ್ತು. ಹೇಳುವ ತ್ರಾಣ ಇರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ನನ್ನನ್ನು ಮೊಪೆಡ್ಡಿನಲ್ಲಿ ಬಸ್ಸಿಗೆ ಬಿಡಲು ಹೊರಟರು. ಆ ಕಾಲಿಗೆ ಚಪ್ಪಲಿ ಹಿಡಿಸಲಿಲ್ಲ. ಬ್ಯಾಂಡೇಜಿನ ಮೇಲೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಬಂದರು. ಸ್ಟಾಪಿನಲ್ಲಿ ಇಳಿದವಳು ಆ ಕವರನ್ನೇ ನೋಡುತ್ತಾ ಕೇಳಿದೆ:

"ಈ ಕಾಲು ಹೋದ್ರೆ ನನ್ನ ಬಸ್ಸಿಗೆ ಬಿಡೋರು ಯಾರಪ್ಪ?"

ವಾದಕ್ಕೆಂದು ಕೇಳಿದ್ದಲ್ಲ. ಬಸ್ಸು ಬಂತು.

ಸಂಜೆ ಬಂದು ನೋಡಿದರೆ ಮಾತ್ರೆಯ ಪಟ್ಟಿ ಟಿವಿ ಪಕ್ಕದಲ್ಲಿತ್ತು, ಒಂದು ಗುಳಿ ಖಾಲಿ. "ನಿನ್ ಸಮಾದಾನಕ್ಕೆ ಕಣವ್ವ" ಎಂದರು. ನಾನು ಆಗಲಿ ಎಂದೆ. ಓದಿದವಳ ಮಾತು ಒಪ್ಪಿದಿರಾ ಎಂದು ಕೇಳಲಿಲ್ಲ.

ಈಗ ಗಾಯ ಅಂಚಿನಿಂದ ಒಣಗುತ್ತಾ ಬಂದಿದೆ. ಬೆಲ್ಲದ ಡಬ್ಬವನ್ನು ಅಮ್ಮ ಅಟ್ಟಕ್ಕೇರಿಸಿದ್ದಾರೆ. ಅಪ್ಪ ಆ ವಿಡಿಯೋಗಳನ್ನು ಇನ್ನೂ ನೋಡುತ್ತಾರೆ. ನಾನು ಪಡಸಾಲೆಗೆ ಬಂದರೆ ಸದ್ದು ಕಡಿಮೆ ಮಾಡುತ್ತಾರೆ.