ಓಢಣಿಯಲ್ಲಿ ಬಿದ್ದ ಸಕ್ಕರೆ

ಸೀಟು ಹಂಚಿಕೆಯ ಫಲಿತಾಂಶ ಬಂದಾಗ ನಾನು ಬೀದರಿನ ಬಸ್ ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಅಂಗಡಿಯಲ್ಲಿದ್ದೆ. ಅಂಗಡಿಯವನು ನನ್ನ ನಂಬರು ಹೊಡೆದು, ಪರದೆಯನ್ನು ನನ್ನ ಕಡೆ ತಿರುಗಿಸಿ, "ಆಯುರ್ವೇದ ಬಂದದ ನೋಡವ್ವಾ, ಪೇಢಾ ಕೊಡ್ಸಬೇಕು" ಎಂದ. ಪಿಯುಸಿಯ ಎರಡು ವರ್ಷ ಔರಾದಿನಿಂದ ಬೀದರಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಓಡಾಡಿದವಳು ನಾನು. ಅಲ್ಲೇ ಕುರ್ಚಿಯ ಮೇಲೆ ಕೂತು ಅತ್ತುಬಿಟ್ಟೆ. ಎಂಬಿಬಿಎಸ್ ಆಸೆಯನ್ನು ಅಂಕಗಳು ಬಂದ ದಿನವೇ ಬಿಟ್ಟಿದ್ದೆ. ಡಾಕ್ಟರ್ ಎನ್ನಿಸಿಕೊಳ್ಳಲು ಇದೂ ಒಂದು ದಾರಿಯೇ, ಅದೂ ಸರ್ಕಾರಿ ಕೋಟಾದಲ್ಲಿ. ಆದರೆ ಕಾಲೇಜು ಖಾಸಗಿಯವರದು, ಊರು ದೂರ. ಫೀಸಿನ ಅಂಕಿ ಅದೇ ಪರದೆಯ ಕೆಳಗಿತ್ತು. ಆಗ ಅದರ ಕಡೆ ನೋಡಲಿಲ್ಲ. ಬಸ್ಸು ಹತ್ತಿ, ಪೇಢಾದ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡ ಮೇಲೆ ಅಂಗಡಿಯವನು ಪ್ರಿಂಟ್ ತೆಗೆದುಕೊಟ್ಟ ಹಾಳೆ ಬಿಚ್ಚಿ ಓದಿದೆ. ಊರು ಬರುವ ತನಕ ಪೊಟ್ಟಣ ಬಿಚ್ಚಲಿಲ್ಲ.

ಅಪ್ಪ ಔರಾದಿನಲ್ಲಿ ಟೇಲರ್. ಶಾಲೆ ಶುರುವಾಗುವಾಗ ಸಮವಸ್ತ್ರ ಹೊಲಿಯಲು ಅವನಿಗೆ ಊಟಕ್ಕೂ ಬಿಡುವಿರುವುದಿಲ್ಲ. ಉಳಿದ ತಿಂಗಳು ಹರಿದ ಜೇಬು, ಸಡಿಲವಾದ ಸೊಂಟ ಇವೇ. ಆ ಹಾಳೆಯನ್ನು ಅವನು ಬಟ್ಟೆಯ ನೇಯ್ಗೆ ನೋಡುವ ಹಾಗೆ ಎರಡೂ ಕಡೆ ತಿರುಗಿಸಿ ನೋಡಿದ. ಅವ್ವನ ಬಂಗಾರದ ಪಾಟ್ಲಿ, ಬೋರಮಾಳ ಸರ ಹಿಂದಿನ ವರ್ಷ ಅಕ್ಕನ ಮೈಮೇಲೆ ಅವಳ ಗಂಡನ ಮನೆಗೆ ಹೋಗಿದ್ದವು. ಓದಿನ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ, ಮೊದಲು ಪ್ರವೇಶ ಸಿಕ್ಕ ಪತ್ರ ತನ್ನಿ ಎಂದರು. ಆ ಪತ್ರ ಸಿಗಬೇಕಾದರೆ ಮೊದಲು ಫೀಸು ಕಟ್ಟಬೇಕು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಂಗಾದ್ರ ಓದಾಕ ಸಾಲ ಕೊಡ್ತೀವಿ ಅಂತ ಬೋರ್ಡ್ ಯಾಕ ಹಾಕೀರಿ ಎಂದು ಅಲ್ಲೇ ಜೋರು ಮಾಡಿದೆ. ಅಪ್ಪ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದು, ಎದುರಿನ ಗಾಡಿಯಲ್ಲಿ ಚಹಾ ಕೊಡಿಸಿದ. ಕೈಯಲ್ಲಿ ಒಂದಿರಲಿ ಎಂದು ಭಾಲ್ಕಿಯ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿಗೆ ಮೊದಲೇ ಹೆಸರು ಹಚ್ಚಿದ್ದೆ. ಚಹಾ ಕುಡಿಯುತ್ತ ಅಪ್ಪ, "ಭಾಲ್ಕಿನೂ ಏನ್ ಕೆಟ್ಟಿಲ್ಲ" ಎಂದ.

ಇನ್ನು ಉಳಿದವನು ಮಾಮ ಒಬ್ಬನೇ. ಅವ್ವನ ತವರು ಭಾಲ್ಕಿ ತಾಲ್ಲೂಕಿನ ಮೆಹಕರ. ಅವಳಿಗೆ ಇರುವವನು ಒಬ್ಬ ಅಣ್ಣ. ಅವನಿಗೆ ನೀರಾವರಿ ಹೊಲವಿದೆ, ಭಾಲ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇದೆ. ಪ್ರತಿ ನಾಗರ ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ತಾನೇ ಬರುತ್ತಿದ್ದ, ಒಂದು ವರ್ಷವೂ ಬೇರೆಯವರನ್ನು ಕಳಿಸಿದವನಲ್ಲ. ಆ ದಿನ ಅವ್ವ ಬೇರೆಯೇ ಹೆಂಗಸು. ಬೆಳಿಗ್ಗೆಯೇ ತಲೆ ಬಾಚಿ, ಚೀಲ ಬಾಗಿಲ ಬಳಿ ಇಟ್ಟು, ಮೋಟಾರ್‌ಸೈಕಲ್ ಸದ್ದು ಕೇಳಿದಾಗೆಲ್ಲ ಹೊರಗೆ ಇಣುಕುತ್ತಿದ್ದಳು. ನಮ್ಮ ಮೇಲೆ ದಿನವಿಡೀ ಹರಿಹಾಯುವ ಅವ್ವ ಇವಳೇನಾ ಎಂದು ಅಕ್ಕ, ನಾನು ಮುಸಿಮುಸಿ ನಗುತ್ತಿದ್ದೆವು.

ಅಪ್ಪ ಮಾಮನಿಗೆ ಫೋನು ಮಾಡಿ ಸೀಟಿನ ಸುದ್ದಿ ಹೇಳಿದ, ಹಣದ ಮಾತೆತ್ತಲು ನಾಲಿಗೆ ಏಳಲಿಲ್ಲ. ಅಷ್ಟಕ್ಕೇ ಮಾಮ ಎಲ್ಲ ತಿಳಿದುಕೊಂಡ. ಮರುದಿನ ಅತ್ತೆಯನ್ನು ಕರೆದುಕೊಂಡು ಜೀಪಿನಲ್ಲಿ ಬಂದಿಳಿದ. ಅವ್ವ ಒಳಗೆ ಚಹಾ ಇಡಲು ಹೋದಳು. ಅತ್ತೆ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, "ಉಡಿ ಹಿಡಿ ಮಗಳ" ಎಂದಳು. ನಾನು ಚೂಡಿದಾರದಲ್ಲಿದ್ದೆ, ಒಡ್ಡಲು ಸೆರಗೆಲ್ಲಿಂದ ಬರಬೇಕು? ಓಢಣಿಯನ್ನೇ ಒಡ್ಡಿದೆ. ತೆಂಗಿನಕಾಯಿ ಬಿತ್ತು, ಕುಪ್ಪಸದ ಕಣ ಬಿತ್ತು, ಹಸಿರು ಕಾಗದದಲ್ಲಿ ಸುತ್ತಿದ ಸಕ್ಕರೆಯ ಪುಡಿಕೆ ಬಿತ್ತು, ಅದರ ಮೇಲೆ ದಪ್ಪನೆಯ ಲಕೋಟೆ. ಪುಡಿಕೆಯ ಬಾಯಿ ಸ್ವಲ್ಪ ಬಿಚ್ಚಿತ್ತು. ಸೀಟು ಬಂದದ್ದಕ್ಕೆ ಬಾಯಿ ಸಿಹಿ ಮಾಡಲು ತಂದಿದ್ದಾರೆ ಎಂದುಕೊಂಡು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಅಜ್ಜಿ, "ಸಾಖರಪುಡಾ ಆತೇನ್ರಿ? ನಮಗ ಹೇಳೇ ಇಲ್ಲ" ಎಂದಳು.

ನಮ್ಮ ಗಡಿ ಕಡೆ ಮದುವೆ ನಿಶ್ಚಯಕ್ಕೆ ಸಾಖರಪುಡಾ ಎನ್ನುತ್ತಾರೆ. ಗಂಡಿನ ಕಡೆಯವರು ಬಂದು ಹುಡುಗಿಯ ಉಡಿಯಲ್ಲಿ ಸಕ್ಕರೆಯ ಪುಡಿಕೆ ಇಟ್ಟರೆ ಮಾತು ಮುಗಿದ ಹಾಗೆ. ಮಾಮನಿಗೆ ಒಬ್ಬ ಮಗನಿದ್ದಾನೆ, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಅಕ್ಕನ ಸಾಖರಪುಡಾಕ್ಕೆ ತಟ್ಟೆ ಹಿಡಿದು ನಿಂತವಳು ನಾನೇ. ಆದರೂ ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಸೀಟಿನ ಹೊರತು ಏನೂ ಇರಲಿಲ್ಲ.

ಅವ್ವ ಚಹಾದ ತಟ್ಟೆ ಹಿಡಿದು ಹೊರಗೆ ಬಂದಳು. ನನ್ನ ಓಢಣಿ ನೋಡಿದಳು, ನನ್ನ ಬಾಯಿ ನೋಡಿದಳು. ತಟ್ಟೆಯನ್ನು ಅಪ್ಪನ ಹೊಲಿಗೆ ಮಷಿನ್ನಿನ ಮೇಲಿಟ್ಟಳು.

"ಇದೇನು ವೈನಿ?" ಎಂದು ಅತ್ತೆಯನ್ನು ಕೇಳಿದಳು.

"ಹೊರಗಿನವರೇನು ನಾವು?" ಎಂದ ಮಾಮ. "ನನ್ನ ತಂಗಿ ಮಗಳಿಗಿ ನಾ ಓದಸ್ತೇನಿ. ಎಲ್ಲಾ ವರ್ಷದ್ದೂ ನಾನೇ ಕಟ್ತೇನಿ."

"ಓದ್ಸು ಅಣ್ಣಾ, ಬ್ಯಾಡ ಅನ್ನಂಗಿಲ್ಲ. ಸಕ್ಕರಿ ಬಿಟ್ಟು ಓದ್ಸು."

ಮಾಮ ಅತ್ತೆಯ ಮುಖ ನೋಡಿದ. ಅತ್ತೆ ಕೆಟ್ಟವಳಲ್ಲ, ಈಗಲೂ ಹಾಗೆ ಹೇಳಲಾರೆ. ಮೆತ್ತಗೆ ಹೇಳಿದಳು, "ನಮ್ಮ ಹುಡ್ಗ ಹತ್ತನೇತ್ತಿ ಮ್ಯಾಲ ಓದಿಲ್ಲವ್ವಾ. ಡಾಕ್ಟರ್ ಆಗಿ ಬಂದ ಮ್ಯಾಲ ಈಕಿ ಅವನಿಗಿ ಹೂಂ ಅಂತಾಳೇನು? ನಮಗೂ ಒಂದು ಭರೋಸಾ ಬೇಕಲ್ಲ."

ಅವ್ವ ನನ್ನ ಮುಂದೆ ಕೂತಳು. ಒಂದೊಂದಾಗಿ ಕಾಯಿ, ಕಣ, ಲಕೋಟೆ ತೆಗೆದು ಅತ್ತೆಯ ಚೀಲದಲ್ಲಿಟ್ಟಳು. ಸಕ್ಕರೆಯ ಪುಡಿಕೆಯ ಬಾಯಿ ಮಡಚಿ ಅದನ್ನೂ ಇಟ್ಟಳು. ತುಂಬಿದ ಉಡಿಯನ್ನು ನಮ್ಮಲ್ಲಿ ಯಾರೂ ತಿರುಗಿ ಕೊಡುವುದಿಲ್ಲ, ಜಗಳವಾಡಿದವರೂ ಕೊಡುವುದಿಲ್ಲ. ಅಪ್ಪ, "ಅಣ್ಣಾರ, ಕೂಡ್ರಿ" ಎಂದು ಎದ್ದು ನಿಂತ. ಮಾಮ ಚಪ್ಪಲಿ ಮೆಟ್ಟಿಕೊಂಡ. ಚಹಾ ಹಾಗೇ ಉಳಿಯಿತು.

ಅವರು ಹೋದ ಮೇಲೆ ಮನೆಯಲ್ಲಿ ನನ್ನ ಆರ್ಭಟ. ಓದುವವಳು ನಾನು, ಮದುವೆಯಾಗುವವಳು ನಾನು, ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಅವ್ವನ ಮೇಲೆ ಹರಿಹಾಯ್ದೆ. ಅವಳು ಜೋಳದ ಹಿಟ್ಟು ನಾದುತ್ತ ಕೂತಿದ್ದಳು. ಮಾಮನ ಮಗ ಒಳ್ಳೆಯ ಹುಡುಗ. ನನಗೆ ಸೈಕಲ್ ಕಲಿಸಿದವನು, ನಾನು ಬಿದ್ದಾಗ ನಗದವನು. ಅವನನ್ನು ಮದುವೆಯಾಗುವ ಆಸೆ ನನಗಿರಲಿಲ್ಲ, ಆದರೆ ಅದಿನ್ನೂ ಐದಾರು ವರ್ಷ ಆಚೆಯ ಮಾತು. ಫೀಸು ಕಟ್ಟುವ ದಿನ ಮಾತ್ರ ಎದುರಿಗೇ ಇತ್ತು. ಆ ದಿನ ಅಪ್ಪ ಕತ್ತಲಾಗುವವರೆಗೆ ತಲೆ ಎತ್ತದೆ ಮಷಿನ್ ತುಳಿದ. ನಾನು ಮೊಬೈಲು ಹಿಡಿದು ಮಾಳಿಗೆಯ ಮೇಲೆ ಕೂತಿದ್ದೆ. ಸೀಟು ರದ್ದಾಯಿತೆಂಬ ಸಂದೇಶ ಬಂದಾಗ ಅಳು ಬರಲಿಲ್ಲ. ಕೆಳಗಿಳಿದು ಬಂದು ಎಲ್ಲರ ಜೊತೆ ಊಟ ಮಾಡಿದೆ, ಅವ್ವ ಬಡಿಸಿದ್ದನ್ನೇ.

ಭಾಲ್ಕಿಯ ಕಾಲೇಜಿಗೆ ಹೋಗತೊಡಗಿದೆ. ಬಸ್ ಸ್ಟ್ಯಾಂಡಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲೇ ಮಾಮನ ಅಂಗಡಿ. ಮೊದಲ ದಿನ ನನ್ನನ್ನು ಕಂಡು ಅವನು ಏಳಲು ಹೊರಟು, ಮತ್ತೆ ಕೂತ. ಆಮೇಲೆ ನಾನು ಬರುವ ಹೊತ್ತಿಗೆ ಸರಿಯಾಗಿ ಬೆನ್ನು ತಿರುಗಿಸಿ ಗೊಬ್ಬರದ ಚೀಲ ಎಣಿಸತೊಡಗಿದ. ಮನೆಗೆ ಬಂದರೆ ಅವ್ವ ಇವತ್ತು ಏನು ಕಲಿಸಿದರು ಎಂದು ಒಂದು ದಿನವೂ ಕೇಳಿದವಳಲ್ಲ. "ಮಾಮ ಕಂಡ್ನೇನು?" ಎಂದು ಕೇಳುತ್ತಿದ್ದಳು.

ಮುಂದಿನ ವರ್ಷ ಪಂಚಮಿ ಬಂತು. ಬರುವುದಿಲ್ಲವೆಂದು ನನಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಅವಳಿಗೂ ಗೊತ್ತಿರಲೇಬೇಕು. ಆದರೂ ಅವ್ವ ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡು, ಹಿಂದಿನ ಪಂಚಮಿಗೆ ಮಾಮ ಉಡಿಸಿದ್ದ ಹಸಿರು ಸೀರೆ ಉಟ್ಟಳು. ಶೇಂಗಾ ಉಂಡಿ ಕಟ್ಟಿ ಸ್ಟೀಲ್ ಡಬ್ಬಿ ತುಂಬಿದಳು. ಚೀಲ ಬಾಗಿಲ ಬಳಿ ಬಂತು. ಓಣಿಯಲ್ಲಿ ಮೋಟಾರ್‌ಸೈಕಲ್ ಸದ್ದಾದಾಗೆಲ್ಲ ಅವಳ ಕೈ ನಿಲ್ಲುತ್ತಿತ್ತು. ನನಗೆ ನೋಡಲಾಗಲಿಲ್ಲ, ಹಿತ್ತಲಿಗೆ ಹೋಗಿ ಸುಮ್ಮನೆ ಪಾತ್ರೆ ತಿಕ್ಕಿದೆ. ಮಧ್ಯಾಹ್ನ ದಾಟಿದ ಮೇಲೆ ಅವಳು ಸೀರೆ ಬದಲಿಸಿ, ಹಸಿರು ಸೀರೆಯನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಸಂಜೆ ಪಕ್ಕದಲ್ಲಿ ಹೋಗಿ ಕೂತು ಕೇಳಿದೆ, "ಅವತ್ತು ನನಗ ಯಾಕ ಕೇಳಲಿಲ್ಲ ಅವ್ವಾ?"

"ಕೇಳಿದ್ರ ನೀ ಹೂಂ ಅಂತಿದ್ದಿ" ಎಂದಳು. "ನಾಳಿ ಆ ಮನ್ಯಾಗ ನೀ ಒಂದು ಮಾತು ಆಡಿದ್ರ, ಓದ್ಸಿದವರು ಯಾರು ಅಂತಿದ್ರು. ಆಗ ಯಾರಿಗಿ ಹೇಳ್ತಿದ್ದಿ? ನನಗ ಹೇಳಬೇಕಂದ್ರ, ಅದು ನನ್ನ ಅಣ್ಣನ ಮನಿ."

ನನ್ನ ಒಂದು ವರ್ಷದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಸೀಟು ಹೋದದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ ಕಳೆದುಕೊಂಡವಳು ನಾನೊಬ್ಬಳೇ ಎಂದು ಅಲ್ಲಿಯವರೆಗೆ ತಿಳಿದಿದ್ದೆನಲ್ಲ, ಅದಕ್ಕೆ ನಾಚಿಕೆಯಾಯಿತು.

ರಜೆ ಮುಗಿದು ಕಾಲೇಜಿಗೆ ಹೊರಟಾಗ ಅವ್ವ ಉಂಡಿಯ ಡಬ್ಬಿ ಕೈಗಿಟ್ಟಳು. "ಅಂಗಡ್ಯಾಗ ಕೊಟ್ಟು ಹೋಗು. ಏನೂ ಹೇಳಬ್ಯಾಡ."

ಅಂಗಡಿಯಲ್ಲಿ ಮಾಮ ಒಬ್ಬನೇ ಇದ್ದ. ಸೊರಗಿದ್ದ, ಗಡ್ಡ ಬಿಟ್ಟಿದ್ದ. ನಾನು ಡಬ್ಬಿಯನ್ನು ತಕ್ಕಡಿಯ ಪಕ್ಕದಲ್ಲಿಟ್ಟೆ. ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದ. ಮುಚ್ಚಿ, ತಾನೇ ನನ್ನ ಚೀಲದಲ್ಲಿಟ್ಟ.

"ಒಯ್ಯಿ ಮಗಳ. ನಾ ಕೊಟ್ಟದ್ದು ಆಕಿ ಇಟ್ಕೊಳಿಲ್ಲ. ಆಕಿ ಕೊಟ್ಟದ್ದು ನಾ ಹ್ಯಾಂಗ ಇಟ್ಕೊಳ್ಲಿ?"

ಕಾಲೇಜಿನಲ್ಲಿ ಗೆಳತಿಯರು ಉಂಡಿ ಹಂಚಿಕೊಂಡು ತಿಂದರು. ನಾನು ಒಂದನ್ನೂ ಮುಟ್ಟಲಿಲ್ಲ. ಖಾಲಿ ಡಬ್ಬಿಯನ್ನು ನಲ್ಲಿಯ ಕೆಳಗೆ ತೊಳೆದು ಮನೆಗೆ ತಂದೆ. ಅವ್ವ ಬಾಗಿಲಲ್ಲೇ ಅದನ್ನು ಇಸಿದುಕೊಂಡು, ಒಳಗೆ ನೋಡಿದಳು.

"ತಿಂದ್ನೇನು?"

"ನನ್ನ ಮುಂದೇ ತಿಂದ."

"ಬೆಲ್ಲ ಸಾಕಾಗಿತ್ತಂತೇನು?"

"ಸಾಕಾಗಿತ್ತಂತ" ಎಂದೆ.