ಹೆಸರಿನ ಮುಂದೆ ಲೇಟ್

ಸುಲ್ತಾನ್ ಬಜಾರಿನ ಕಾರ್ಡಿನ ಅಂಗಡಿಯೊಂದರಲ್ಲಿ ಬೂದೆಪ್ಪ ಇಪ್ಪತ್ತೆಂಟು ವರ್ಷದಿಂದ ಮದುವೆ, ತೊಟ್ಟಿಲು, ತಿಥಿಯ ಕಾರ್ಡು ಟೈಪ್ ಮಾಡುತ್ತಿದ್ದಾನೆ. ಯಾದಗಿರಿ ಕಡೆಯವನು, ಓದಿದ್ದು ಏಳನೇ ಇಯತ್ತೆ. ಆದರೆ 'ಲೇಟ್' ಎಂಬ ಒಂದು ಪದದಲ್ಲಿ ಅವನನ್ನು ಮೀರಿಸುವ ಪಂಡಿತ ಇಡೀ ಹೈದರಾಬಾದಿನಲ್ಲಿಲ್ಲ. ಆಫೀಸಿಗೆ ತಡವಾದವನೂ ಲೇಟು, ಮಣ್ಣಾದವನೂ ಲೇಟು. ಇಂಗ್ಲಿಷಿನವರಿಗೆ ಪದಗಳ ಬರ ಇದ್ದಿರಬೇಕು. ನಮ್ಮವರಿಗೋ ಸತ್ತ ಮೇಲೂ ಜಾತಿ ಬೇಕು. ಲಿಂಗಾಯತರಿಗೆ 'ಲಿಂ.', ಆಚಾರ್ಯರ ಮನೆಯವರಿಗೆ 'ವೈಕುಂಠವಾಸಿ', ತೆಲುಗರಿಗೆ 'ಕೀರ್ತಿಶೇಷುಲು', ಮುಸಲ್ಮಾನರಿಗೆ 'ಮರ್ಹೂಮ್', ಏನೂ ತಿಳಿಯದಿದ್ದರೆ 'ದಿವಂಗತ'.

ಹಳೆಯ ಕಾರ್ಡಿನ ಫೈಲ್ ತೆಗೆದು ಹೆಸರಷ್ಟೇ ಬದಲಾಯಿಸುವುದು ಅವನ ರೂಢಿ. ಒಮ್ಮೆ ಹೆಸರು ಬದಲಾಯಿತು, ಹಿಂದಿನವರ 'ಲೇಟ್' ಹಾಗೇ ಉಳಿಯಿತು. ಹಿಮಾಯತ್‌ನಗರದ ಗಟ್ಟಿಮುಟ್ಟಾದ ಯಜಮಾನರೊಬ್ಬರು ಕಾರ್ಡು ಹಿಡಿದು ಬಂದು ಬಾಯಿಗೆ ಬಂದಂತೆ ಬೈದರು. ಒಂಬತ್ತನೇ ದಿನ ತೀರಿಕೊಂಡರು. ಎರಡು ವರ್ಷ ಬಿಟ್ಟು ನಾಚಾರಂನ ಒಬ್ಬ ಫೋರ್‌ಮನ್‌ಗೂ ಹಾಗೇ ಆಯಿತು. ಕಾಕತಾಳೀಯ ಎಂದುಕೊಂಡ ಬೂದೆಪ್ಪ. ಆಮೇಲೊಂದು ದಿನ ಈ ಸುದ್ದಿ ಕೇಳಿದ ಹೆಂಗಸೊಬ್ಬಳು ಮುಖಕ್ಕೆ ಸೆರಗೆಳೆದುಕೊಂಡು ಬಂದು, ಬದುಕಿರುವ ಗಂಡನ ಹೆಸರಿನ ಮುಂದೆ ಅದನ್ನು ಹಾಕಿ ಒಂದೇ ಒಂದು ಕಾರ್ಡು ಮಾಡಿಕೊಡುತ್ತೀರಾ ಎಂದು ಕೇಳಿದಳು. ಆಕೆಯನ್ನು ಬರಿಗೈಲಿ ಕಳಿಸಿದ. ಅಂದಿನಿಂದ ಆ ಪದ ಬಂದಾಗಲೆಲ್ಲ ಪಕ್ಕದ ಟೇಬಲ್ಲಿನ ರಶ್ಮಿಯಿಂದ ಟೈಪ್ ಮಾಡಿಸುತ್ತಿದ್ದ.

ಮನೆಯಲ್ಲಿ ಈ ಕಥೆ ಎಲ್ಲರಿಗೂ ಗೊತ್ತು. ಮಗಳು ಚಿನ್ಮಯಿಯ ಕೂಸಿನ ತೊಟ್ಟಿಲ ಕಾರ್ಡು ಬರೆಯುತ್ತಿದ್ದಾಗ ಅವನ ತಾಯಿ ಸೂಗಮ್ಮ ಬಂದು ಹತ್ತಿರ ಕೂತಳು. ಎಂಬತ್ತೆಂಟು ವರ್ಷ, ಓದು ಬಾರದು.

“ನಿಮ್ಮಪ್ಪ ಹ್ವಾದ, ನಿಮ್ಮಣ್ಣಗೋಳು ಇಬ್ರೂ ಹ್ವಾದ್ರು. ನಾ ಒಬ್ಬಾಕಿ ಲೇಟ್ ಆಗೀನಿ. ಕೂಸಿನ ತೊಟ್ಟಿಲಾ ತೂಗಿ ಹೋಗ್ತೀನಿ. ನನ್ನ ಹೆಸರಿನ ಮುಂದ ಅದನ್ನ ಹಾಕಪಾ.”

“ಯವ್ವಾ, ಅದೆಲ್ಲಾ ಸುಳ್ಳ ಐತಿ.”

“ಸುಳ್ಳಿದ್ರ ಹಾಕಾಕ ನಿನಗೇನ ಆಗ್ತೈತಿ?”

ಅವ್ವನಿಲ್ಲದ ಮನೆ ಬೂದೆಪ್ಪನಿಗೆ ಬೇಡವಾಗಿತ್ತು. ಅಂಗಡಿಗೆ ಹೋಗಿ 'ಶ್ರೀಮತಿ ಸೂಗಮ್ಮ' ಎಂದೇ ಟೈಪ್ ಮಾಡಿದ, ಮೂರು ಸಲ ಓದಿ ನೋಡಿದ. ಕಾರ್ಡು ಅಚ್ಚಾಗಿ ಬಂದಾಗ ಮುದುಕಿ ತನ್ನ ಹೆಸರು ಎಲ್ಲಿದೆ ಎಂದು ತೋರಿಸಿಕೊಂಡು, ಅದರ ಮೇಲೆ ಬೆರಳಿಟ್ಟು ಕೇಳಿದಳು, “ಹಾಕಿಯಲ್ಲ?”

“ಹಾಕೀನವ್ವಾ,” ಎಂದು ಬೂದೆಪ್ಪ ಸುಳ್ಳು ಹೇಳಿದ.

ಸೂಗಮ್ಮ ತೊಟ್ಟಿಲು ತೂಗಿದಳು, ಎರಡು ಹೋಳಿಗೆ ತಿಂದಳು. ಮೂರನೇ ದಿನ ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಮಣ್ಣು ಮಾಡಿ ಬಂದ ಬೂದೆಪ್ಪ ಉಳಿದ ಕಾರ್ಡುಗಳನ್ನೆಲ್ಲ ಹರಡಿಕೊಂಡು ಒಂದೊಂದಾಗಿ ನೋಡಿದ. ಎಲ್ಲದರಲ್ಲೂ 'ಶ್ರೀಮತಿ' ಎಂದೇ ಇತ್ತು. ಕೈ ಏನೂ ತಪ್ಪು ಮಾಡಿರಲಿಲ್ಲ, ಹೇಳಿದ್ದು ಬಾಯಿ.

ಹನ್ನೊಂದನೇ ದಿನದ ಶಿವಗಣಾರಾಧನೆಯ ಕಾರ್ಡನ್ನು ರಶ್ಮಿ ಬೇಡವೆಂದರೂ ಕೇಳದೆ ತಾನೇ ಟೈಪ್ ಮಾಡಿದ. 'ಲಿಂ. ಸೂಗಮ್ಮ' ಎಂದು ಹೊಡೆದು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಹೆಂಡತಿ ಶಿವಗಂಗಾಳ ಫೋನ್ ಬಂತು.

“ಇವತ್ತ ಲೇಟ್ ಆಗ್ತೀರೇನ್ರಿ?”

ಹೂಂ ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಇನ್ನೂ ನಾಲ್ಕು ಕಾರ್ಡಿನ ಕೆಲಸ ಬಾಕಿ ಇತ್ತು. ಕಂಪ್ಯೂಟರ್ ಕೂಡ ಬಂದ್ ಮಾಡದೆ ಎದ್ದು ಮನೆಯ ಕಡೆ ಓಡಿದ.